ಆರು ಮೂಲೆಯ ಹರಳು

ಭಾಗವ್ವನಿಗೆ ಹಾಲು ಹಾಕುವ ಭಯ್ಯಾ ದಿನಾ ಬೆಳಿಗ್ಗೆ ಮೊದಲು ಅವಳ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಡಬೇಕಾಗಿತ್ತು. ಹನಿ ನಿಂತರೆ ಹಾಲು, ಜಾರಿದರೆ ನೀರು. ಹನಿ ನಿಂತ ಮೇಲೂ ಅವಳು ಒಮ್ಮೆ ಅವನ ಮುಖ ನೋಡಿಯೇ ಪಾತ್ರೆ ಮುಂದೆ ಮಾಡುತ್ತಿದ್ದಳು. ಜೋಳ ತರಲು ಹೋದರೆ ಚೀಲದ ತಳಕ್ಕೆ ಕೈ ಹಾಕಿ ಹಿಡಿ ತೆಗೆದು ನೋಡುವಳು. "ಈಕಿ ದೇವರ ಪ್ರಸಾದಾನೂ ಮೂಸಿ ನೋಡಿ ತಿಂತಾಳ್ರಿ" ಎಂದು ಗಂಡ ಅಣವೀರಪ್ಪ ಊಟಕ್ಕೆ ಬಂದವರ ಎದುರು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಇಂಡಿ ತಾಲೂಕಿನ ಹಳ್ಳಿಯಿಂದ ಮದುವೆಯಾಗಿ ಬಂದವಳು. ಅಣವೀರಪ್ಪ ಮುಂಬಯಿಯ ಚೆಂಬೂರಿನಲ್ಲಿ ಎಣ್ಣೆ ಕಾರ್ಖಾನೆಗಳ ಗುತ್ತಿಗೆದಾರರೊಬ್ಬರ ಬಳಿ ಪೈಪು ಕೂಡಿಸುವ ಕೆಲಸಕ್ಕಿದ್ದ. ಮಕ್ಕಳಿರಲಿಲ್ಲ. ಚಾಳಿನ ಒಂದೇ ಖೋಲಿಯಲ್ಲಿ ಭಾಗವ್ವ ಖಾನಾವಳಿ ನಡೆಸುತ್ತಿದ್ದಳು. ವಿಜಾಪುರ, ಕಲಬುರ್ಗಿ ಕಡೆಯ ಹುಡುಗರು ಪಾಳಿ ಮುಗಿಸಿ ಬಂದು, ಗೋಡೆಗೆ ಬೆನ್ನು ಹಚ್ಚಿ ಕುಳಿತು, ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಉಂಡು ಹೋಗುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ಕುಳಿತು ಅವಳ ಮೈಯ ನೀರೆಲ್ಲ ಬೆವರಾಗಿ ಹೋಗುತ್ತಿತ್ತು.

ಅವಳಿಗೆ ಮೊದಲೇ ಒಮ್ಮೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೆನ್ನಿನಿಂದ ಹೊಟ್ಟೆಯವರೆಗೆ ಕೊಯ್ದು ತೆಗೆದಿದ್ದರು. ತೆಗೆದ ಕಲ್ಲನ್ನು ತೋರಿಸಿದಾಗ ಅವಳಿಗೆ ಅದು ಕಲ್ಲೆನಿಸಿರಲೇ ಇಲ್ಲ. ಹುಣಸೆ ಬೀಜದಷ್ಟು ದೊಡ್ಡದು, ಬೆಲ್ಲದ ಚೂರಿನ ಹಾಗೆ ಹಳದಿ, ಮೇಣದಂಥ ಹೊಳಪು. ಗಾಯ ಮಾಗಿತು, ನೋವು ಹೋಯಿತು. ಆದರೆ ಸಾವಿರದ ಒಂಬೈನೂರ ಅರವತ್ತೊಂಬತ್ತರ ಬೇಸಿಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಅದೇ ಪಕ್ಕಡಿಯಲ್ಲಿ, ಪಕ್ಕೆಲುಬಿನ ಕೆಳಗೆ, ಅದೇ ನೋವು ಎದ್ದಿತು. ಹಿಟ್ಟಿನ ಕೈಯಲ್ಲೇ ಅವಳು ನೆಲಕ್ಕೆ ಒರಗಿದಳು.

"ಅರ್ಧಾ ತಗದಾರ, ಅರ್ಧಾ ಒಳಗ ಬಿಟ್ಟಾರ" ಎಂದಳು, ನೋವು ಸ್ವಲ್ಪ ಇಳಿದ ಮೇಲೆ. "ನಾ ಮತ್ತ ಅವರ ಬಾಗಿಲಿಗೆ ಬರಲಿ ಅಂತ ಬೇಕಂತ ಬಿಟ್ಟಾರ."

"ಹಂಗ ಯಾರಾದ್ರೂ ಮಾಡ್ತಾರೇನ?"

"ಹಾಲಿಗೆ ನೀರ ಹಾಕವರು ಅದಾರಿಲ್ಲ?"

ಊಟಕ್ಕೆ ಬರುವವರಲ್ಲಿ ಒಬ್ಬ ಪರೇಲಿನ ದೊಡ್ಡ ಆಸ್ಪತ್ರೆಯ ಹೆಸರು ಹೇಳಿದ. ಅಲ್ಲಿ ಸಬ್ನಿಸ್ ಎಂಬ ಡಾಕ್ಟರು ಇದ್ದಾರೆ, ಬೆಳಗಾವಿಯವರು, ಮನೆಮಾತು ಮರಾಠಿಯಾದರೂ ಕನ್ನಡ ಬರುತ್ತದೆ, ಹೋಗಿ ನೋಡಿ ಎಂದ. ಮಾತು ತಿಳಿಯುವ ಡಾಕ್ಟರಾದರೆ ಮೋಸ ಮಾಡುವುದು ಕಷ್ಟ ಎಂಬ ಒಂದೇ ಕಾರಣಕ್ಕೆ ಭಾಗವ್ವ ಒಪ್ಪಿದಳು.

ಸಬ್ನಿಸರು ತೆಳ್ಳನೆಯ ಮನುಷ್ಯ, ಸಾವಕಾಶ ಮಾತಾಡುವವರು. ಅವರು ಚಾಕು, ಹಾಸಿಗೆ ಯಾವುದರ ಮಾತನ್ನೂ ಎತ್ತಲಿಲ್ಲ. ಮೊದಲು ಒಂದು ಎಕ್ಸ್-ರೇ ತೆಗೆಸಿ, ಮತ್ತೆ ಕಲ್ಲಾಗಿರುವುದನ್ನು ನೋಡಿಕೊಂಡರು. ಅವಳ ಮೂತ್ರದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಹಳ ಹೊತ್ತು ನೋಡಿದರು. ಆಮೇಲೆ, "ಅಕ್ಕಾರ, ಇಲ್ಲಿ ಬರ್ರಿ. ಒಂದ ಕಣ್ಣ ಮುಚ್ಚಿ ನೋಡ್ರಿ" ಎಂದರು.

ಭಾಗವ್ವ ನೋಡಿದಳು. ಬೆಳಕಿನ ಬಾವಿಯೊಳಗೆ ಸಣ್ಣ ಸಣ್ಣ ಬಿಲ್ಲೆಗಳು. ಒಂದೊಂದಕ್ಕೂ ಆರು ಮೂಲೆ. ಯಾರೋ ಕತ್ತರಿ ಹಿಡಿದು ಅಳತೆ ಮಾಡಿ ಕತ್ತರಿಸಿ ಹರಡಿಟ್ಟ ಹಾಗಿದ್ದವು.

"ಇವು ನನ್ನವ ಅಂತ ಹೆಂಗ ನಂಬೂದ್ರಿ? ಗಾಜಿನ ಮ್ಯಾಲ ಮೊದಲ ಇದ್ದಿರಬಹುದು."

ಪಕ್ಕದಲ್ಲಿದ್ದ ನರ್ಸ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸಬ್ನಿಸರು ಮಾತ್ರ ಇನ್ನೊಂದು ಗಾಜು ತೊಳೆದು, ಒರೆಸಿ, ಖಾಲಿ ಗಾಜನ್ನೇ ಮೊದಲು ತೋರಿಸಿದರು. ಆಮೇಲೆ ಅವಳ ಕೈಯಿಂದಲೇ ಹನಿ ಬಿಡಿಸಿದರು. ಮತ್ತೆ ಅವೇ ಆರು ಮೂಲೆಯ ಬಿಲ್ಲೆಗಳು.

"ಹಿಂದಿನ ಡಾಕ್ಟರು ಅರ್ಧಾ ಬಿಟ್ಟಿಲ್ಲ" ಎಂದರು. "ನಿಮ್ಮ ದೇಹಾನ ಮತ್ತ ಕಟ್ಟೇದ. ಉಣ್ಣೋ ಊಟದಾಗಿನ ಒಂದು ಅಂಶ ಇರ್ತದ. ಎಲ್ಲಾರ ಮೂತ್ರಪಿಂಡ ಅದನ್ನ ಸೋಸಿ ವಾಪಸ್ ಒಳಗ ತಗೋತದ. ನಿಮ್ಮದು ಹೊರಗ ಬಿಡ್ತದ. ಅದು ಸುಲಭ ಕರಗೂದಿಲ್ಲ. ನೀರ ಕಡಿಮಿ ಇತ್ತು ಅಂದ್ರ ಹರಳ ಆಗ್ತದ, ಹರಳಿಗೆ ಹರಳ ಕೂಡಿ ಕಲ್ಲ ಆಗ್ತದ. ಸಾವಿರಾರು ಮಂದ್ಯಾಗ ಒಬ್ಬರಿಗೆ ಬರೋ ಬ್ಯಾನಿ ಇದು. ಕಲ್ಲ ತಗದ್ರ ಸಾಲೂದಿಲ್ಲ, ಹರಳ ಕಟ್ಟೋದನ್ನ ನಿಲ್ಲಿಸಬೇಕು. ದಿನಕ್ಕ ಎಷ್ಟು ನೀರ ಕುಡೀತೀರಿ?"

ಭಾಗವ್ವ ನೆಲ ನೋಡಿದಳು. "ಕುಡದ್ರ ಹೋಗಬೇಕಾಗ್ತದಲ್ರಿ."

ಡಾಕ್ಟರಿಗೆ ಮೊದಲು ತಿಳಿಯಲಿಲ್ಲ. ಅಣವೀರಪ್ಪನೇ ಬಿಡಿಸಿ ಹೇಳಿದ. ಇಡೀ ಚಾಳಿಗೆ ಹೆಂಗಸರ ಸಂಡಾಸು ಅಂಗಳದ ಕೊನೆಯಲ್ಲಿ, ಎದುರಿಗೇ ಪಾನಿನ ಅಂಗಡಿ, ಅಲ್ಲಿ ಯಾವಾಗಲೂ ಗಂಡಸರು. ಆದ್ದರಿಂದ ಚಾಳಿನ ಹೆಂಗಸರು ಹಗಲೆಲ್ಲ ಬಾಯಿ ಒಣಗಿಸಿಕೊಂಡೇ ಇರುತ್ತಾರೆ.

"ಆದ್ರೂ ಕುಡೀಬೇಕು" ಎಂದರು ಸಬ್ನಿಸರು. ದಿನಕ್ಕೆ ಸಣ್ಣ ಕೊಡದಷ್ಟು ನೀರು, ರಾತ್ರಿ ಎಚ್ಚರಾದಾಗಲೂ ಒಂದು ಲೋಟ. ಮೂತ್ರದ ಹುಳಿ ಕಳೆದರೆ ಹರಳು ಹೆಚ್ಚು ಕರಗುತ್ತದೆ, ಅದಕ್ಕೆ ತಿನ್ನುವ ಸೋಡಾ. ಹುಳಿ ಕಳೆದಿದೆಯೋ ಇಲ್ಲವೋ ನೋಡಲು ಬಣ್ಣ ಬದಲಿಸುವ ಕಾಗದದ ಪಟ್ಟಿಗಳು. ಜೊತೆಗೆ ಒಂದು ಗುಳಿಗೆ. ಅದು ಆ ಅಂಶವನ್ನೇ ಹಿಡಿದು, ನೀರಿನಲ್ಲಿ ಕರಗುವ ಹಾಗೆ ಮಾಡುತ್ತದಂತೆ. ಇಲ್ಲಿ ಸಿಗುವುದು ಕಷ್ಟ, ಲಂಡನ್ನಿನಲ್ಲಿರುವ ಗೆಳೆಯರು ಕಳಿಸುತ್ತಾರೆ, ಪುಕ್ಕಟೆ ಕೊಡುತ್ತೇನೆ ಎಂದರು.

ಪುಕ್ಕಟೆ ಎಂಬ ಮಾತು ಬಿದ್ದದ್ದೇ ಭಾಗವ್ವನ ಹುಬ್ಬು ಗಂಟಾಯಿತು.

"ಅಣ್ಣ, ತಮ್ಮ, ಅಕ್ಕ, ತಂಗಿ ಯಾರ ಅದಾರ ನಿಮಗ?" ಡಾಕ್ಟರು ಕೇಳಿದರು. "ಒಡಹುಟ್ಟಿದವರಿಗೂ ಇದು ಇರಬಹುದು. ಕಲ್ಲ ಆಗೋ ಮೊದಲ ನೋಡಿದ್ರ ಚಲೋ."

"ಯಾರೂ ಇಲ್ರಿ" ಎಂದಳು ಭಾಗವ್ವ.

ಅಣವೀರಪ್ಪ ಅಲ್ಲಿ ಬಾಯಿ ಬಿಡಲಿಲ್ಲ. ಲೋಕಲ್ ಗಾಡಿ ಹತ್ತಿದ ಮೇಲೆ ಕೇಳಿದ: "ಸಾಯಬಣ್ಣನ್ನ ಯಾವಾಗ ಮಣ್ಣ ಮಾಡಿದಿ?"

ಸಾಯಬಣ್ಣ ಅವಳ ಒಬ್ಬನೇ ತಮ್ಮ. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಅವನ ಲಗ್ನದ ಮಾತು ನಡೆದಿತ್ತು.

"ಪುಕ್ಕಟೆ ಗುಳಿಗಿ ಕೊಡಾವ, ಮನಿ ಮಂದಿನೆಲ್ಲಾ ಕರಕೊಂಡ ಬಾ ಅನ್ನಾವ" ಎಂದಳು ಅವಳು. "ಎಲ್ಲಾರಿಗೂ ಹೊಟ್ಟಿ ಕೊಯ್ತಾರ, ನನಗ ಮಾತ್ರ ನೀರ ಕುಡಿ ಅಂತಾನ. ನನ್ನ ಮ್ಯಾಲ ಏನೋ ಪರೀಕ್ಷಾ ನಡಸ್ಯಾನ. ನಡಸಲಿ. ನನ್ನ ತಮ್ಮ ಯಾಕ? ಮನೆತನದ ಬ್ಯಾನಿ ಅಂತ ಸುದ್ದಿ ಆತಂದ್ರ ಅವಂಗ ಹೆಣ್ಣ ಯಾರ ಕೊಡ್ತಾರ?"

ಆ ಗುಳಿಗೆಯ ಶೀಶೆಯನ್ನು ಅವಳು ಕೂಡಲೇ ಬಿಚ್ಚಲಿಲ್ಲ. ಚೆಂಬೂರಿನ ಬೇರೆ ಬೇರೆ ಔಷಧದ ಅಂಗಡಿಗಳಿಗೆ ಒಯ್ದು, ಮೇಲಿನ ಚೀಟಿಯನ್ನು ಓದಿಸಿದಳು. ಎಲ್ಲರೂ ಒಂದೇ ಹೆಸರು ಓದಿದ ಮೇಲೆ ಬಿಚ್ಚಿದಳು. ಬಣ್ಣದ ಪಟ್ಟಿಯ ಮೇಲೂ ಅವಳಿಗೆ ಅನುಮಾನ. ಒಂದನ್ನು ಹುಣಸೆ ರಸದಲ್ಲಿ ಅದ್ದಿದಳು, ಕೆಂಪಾಯಿತು. ಇನ್ನೊಂದನ್ನು ಸೋಡಾ ಕಲಸಿದ ನೀರಿನಲ್ಲಿ ಅದ್ದಿದಳು, ನೀಲಿಯಾಯಿತು. ಪಟ್ಟಿ ಸುಳ್ಳು ಹೇಳುವುದಿಲ್ಲ ಎಂದಾಯಿತು. ಡಾಕ್ಟರನ್ನು ನಂಬದಿದ್ದರೂ ಆ ಪಟ್ಟಿಯನ್ನು ನಂಬಿ ಅವಳು ಚಿಕಿತ್ಸೆ ಶುರು ಮಾಡಿದಳು.

ಕುಡಿಯುವುದು ಒಂದು ಕಷ್ಟ, ನೀರು ತುಂಬುವುದು ಇನ್ನೊಂದು. ಚಾಳಿನ ನಳಕ್ಕೆ ಬೆಳಿಗ್ಗೆ ಮಾತ್ರ ನೀರು. ಭಾಗವ್ವ ಹಳೆಯ ಕೊಡಗಳನ್ನೂ ಮಣ್ಣಿನ ಗಡಿಗೆಗಳನ್ನೂ ಕೊಂಡು ತಂದು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಳು. ಬಾಯಿಗೆ ಬಟ್ಟೆ ಕಟ್ಟಿದಳು. ನಳದ ಸಾಲಿನಲ್ಲಿ ಅವಳ ಕೊಡಗಳು ಹೆಚ್ಚಾದದ್ದು ಎಲ್ಲರ ಕಣ್ಣಿಗೆ ಬಿತ್ತು. ಕಿರಾಣಿ ಅಂಗಡಿಯಿಂದ ಸೋಡಾ ದೊಡ್ಡ ಪೊಟ್ಟಣಗಳಲ್ಲಿ ಬರತೊಡಗಿತು. ಆ ಗುಳಿಗೆಗೆ ಕೊಳೆತ ಮೊಟ್ಟೆಯ ವಾಸನೆ. ಶೀಶೆ ಬಿಚ್ಚಿದರೆ ಖೋಲಿಯ ಹೊರಗೂ ಬರುತ್ತಿತ್ತು. ಸಂಜೆಯಾದರೆ ಗಂಡಸರು ಗುಂಪಾಗಿ ಬಂದು ಹೋಗುವುದಂತೂ ಮೊದಲಿನಿಂದ ಇತ್ತು.

ಆಗ ಮುಂಬಯಿಯಲ್ಲಿ ಪರವಾನಗಿ ಇಲ್ಲದೆ ಸೆರೆ ಕುಡಿಯುವಂತಿರಲಿಲ್ಲ. ಚೆಂಬೂರು, ಕುರ್ಲಾದ ಚಾಳುಗಳ ಹಿಂದೆ ಕಳ್ಳಭಟ್ಟಿಗಳು ಉರಿಯುತ್ತಿದ್ದವು. ಬಟ್ಟೆ ಕಟ್ಟಿದ ಗಡಿಗೆ, ಕೆಟ್ಟ ವಾಸನೆ, ಬಂದು ಹೋಗುವ ಗಂಡಸರು, ಯಾರಿಗಾದರೂ ಏನೆನಿಸಬೇಕು? ಪಕ್ಕದ ಖೋಲಿಯ ಚನ್ನವ್ವ, ಧಾರವಾಡ ಕಡೆಯವಳು, ಭಾಗವ್ವನ ಬಾಗಿಲ ಮುಂದೆ ಹೋಗುವಾಗ ಹೆಜ್ಜೆ ನಿಧಾನ ಮಾಡಿ ಮೂಗೇರಿಸತೊಡಗಿದಳು. ಭಾಗವ್ವ ಅದನ್ನು ಕಂಡಳು. ಇವಳು ನನ್ನ ನೀರಿನಲ್ಲಿ ಏನಾದರೂ ಹಾಕಿಯಾಳು ಎಂದು ಬಟ್ಟೆಯ ಮೇಲೆ ತಾಟನ್ನೂ ಮುಚ್ಚಿ, ತಾಟಿನ ಮೇಲೆ ಕಲ್ಲು ಹೇರಿದಳು. ಚನ್ನವ್ವನ ಅನುಮಾನ ಅದರಿಂದ ಗಟ್ಟಿಯಾಯಿತು.

ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದರು. ಅವತ್ತು ಆಸ್ಪತ್ರೆಯವರು ಕೊಟ್ಟ ದೊಡ್ಡ ಕಂದು ಬಣ್ಣದ ಬಾಟಲಿಯಲ್ಲಿ ಭಾಗವ್ವ ಇಡೀ ದಿನದ ಮೂತ್ರ ಕೂಡಿಸುತ್ತಿದ್ದಳು. ಅದರಲ್ಲಿ ಆ ಅಂಶ ಎಷ್ಟು ಹೋಗುತ್ತಿದೆ ಎಂದು ಅಳೆಯಬೇಕಿತ್ತಂತೆ. ಹವಾಲ್ದಾರ ಗಡಿಗೆಗಳ ಬಟ್ಟೆ ಒಂದೊಂದಾಗಿ ಬಿಚ್ಚಿದ. ಬೆರಳದ್ದಿ ನೆಕ್ಕಿದ. ನೀರು. ಮತ್ತೊಂದು, ನೀರು. ಅವನ ಮುಖ ಸಪ್ಪಗಾಯಿತು. ಆಗ ಮೂಲೆಯಲ್ಲಿದ್ದ ಕಂದು ಬಾಟಲಿ ಕಂಡಿತು.

"ಹೇ ಕಾಯ್ ಆಹೇ?" ಇದೇನು ಎಂದು ಮರಾಠಿಯಲ್ಲಿ ಕೇಳುತ್ತ ಬಿರಡೆಗೆ ಕೈ ಹಾಕಿದ.

"ಮುಟ್ಟಬ್ಯಾಡ್ರಿ!" ಎಂದು ಕೂಗಿದ ಭಾಗವ್ವ, ಅವನಿಗೆ ಕನ್ನಡ ತಿಳಿಯದೆಂದು ಹಿಂದಿಗೆ ಬಂದಳು. "ಮೇರಾ ಪೇಶಾಬ್ ಹೈ, ಸಾಬ್!"

ತನ್ನ ಮೂತ್ರ ಎಂದು ಅವಳು ಕೂಗಿದ್ದು ಕೇಳಿ ಬಾಗಿಲಲ್ಲಿ ಕೂಡಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಹವಾಲ್ದಾರ ಇಂಥ ನೆವಗಳನ್ನು ಬಹಳ ಕೇಳಿದ್ದ. ಬಿರಡೆ ತೆಗೆದು ಮೂಗಿಗೆ ಹಿಡಿದ, ತಲೆ ಹಿಂದಕ್ಕೆ ಎಳೆದುಕೊಂಡ. ಆದರೂ ನಂಬಲಿಲ್ಲ. ಸೆರೆ ಇಳಿಸಲು ಕೊಳೆಹಾಕಿದ ಬೆಲ್ಲದ ನೀರೂ ಹೀಗೇ ನಾರುತ್ತದೆ ಎಂದು ಬಾಟಲಿಯನ್ನು ಪೊಲೀಸ್ ಚೌಕಿಗೆ ಹೊತ್ತುಕೊಂಡು ಹೊರಟ. ಭಾಗವ್ವ ಸೆರಗು ಬಿಗಿದು ಅವನ ಬೆನ್ನಿಗೇ ನಡೆದಳು. ತನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯಕ್ಕಿಂತ, ದಾರಿಯಲ್ಲಿ ಅವನು ಅದರಲ್ಲಿ ಏನಾದರೂ ಬೆರೆಸಿಯಾನು ಎಂಬ ಚಿಂತೆ ಅವಳಿಗೆ.

ಚೌಕಿಯಲ್ಲಿದ್ದ ಸಾಹೇಬರೂ ಒಮ್ಮೆ ಮೂಸಿ ನೋಡಿದರು. ಅಷ್ಟರಲ್ಲಿ ಸುದ್ದಿ ತಿಳಿದು ಅಣವೀರಪ್ಪ ಕೆಲಸದ ಅಂಗಿಯಲ್ಲೇ ಆಸ್ಪತ್ರೆಯ ಚೀಟಿ ಹಿಡಿದು ಓಡಿಬಂದ. ಸಾಹೇಬರು ಚೀಟಿ ಓದಿ, ಎದ್ದು ಹೋಗಿ ಕೈ ತೊಳೆದುಕೊಂಡರು. ಬಾಟಲಿ ವಾಪಸು ಸಿಕ್ಕಿತು. ಮನೆಗೆ ತಂದ ಭಾಗವ್ವ ಅದನ್ನೆಲ್ಲ ಮೋರಿಗೆ ಚೆಲ್ಲಿದಳು.

"ಅಷ್ಟ ಬಡದಾಡಿ ತಂದು ಚೆಲ್ಲಿದಿ?" ಎಂದ ಅಣವೀರಪ್ಪ.

"ಎಷ್ಟ ಮಂದಿ ಕೈಯಾಗ ಹೋಗಿ ಬಂದೇತಿ ಅದು. ನಾಳೆ ಹೊಸಾದು ಕೂಡಸ್ತೀನಿ."

ಚಾಳಿಗೆಲ್ಲ ಅವಳ ಬೇನೆ ಗೊತ್ತಾಯಿತು. ಅಂಟುರೋಗವಿದ್ದೀತು ಎಂದು ಕೆಲವು ಹುಡುಗರು ಊಟಕ್ಕೆ ಬರುವುದನ್ನು ಬಿಟ್ಟರು. ಭಾಗವ್ವ ಮರುದಿನ ನಳದ ಮುಂದೆ ಎಲ್ಲರೂ ಕೇಳುವ ಹಾಗೆ ಚನ್ನವ್ವನನ್ನು ತಡೆದಳು.

"ಪೊಲೀಸರಿಗೆ ಹೇಳಿದಾಕಿ ನೀನ ಹೌದಿಲ್ಲ?"

ಚನ್ನವ್ವ ಮುಚ್ಚಿಡಲಿಲ್ಲ. "ಹೌದು, ನಾನ. ನನ್ನ ತಮ್ಮ ಆ ಕೆಟ್ಟ ಸೆರೆ ಕುಡದು ಕಣ್ಣ ಕಳಕೊಂಡು ಸತ್ತ. ನನ್ನ ಬಾಜೂಕ ಮತ್ತೊಂದು ಭಟ್ಟಿ ಹೂಡಿದ್ರ ಸುಮ್ಮನ ಕೂಡ್ಲೇನು?"

ಈ ಹೆಂಗಸು ಅನುಮಾನ ಪಟ್ಟದ್ದು ತಾನು ಪಡುವ ಹಾಗೆಯೇ. ಅದರಲ್ಲಿ ತಪ್ಪೇನು ಎಂದು ಭಾಗವ್ವನಿಗೆ ತೋಚಲಿಲ್ಲ.

"ಒಳಗ ಬಾ. ನೋಡು" ಎಂದಳು.

ಚನ್ನವ್ವ ಬಂದಳು. ಒಂದು ಗಡಿಗೆಯನ್ನೂ ಬಿಡದೆ ಬಟ್ಟೆ ಬಿಚ್ಚಿ, ನೀರಿನ ರುಚಿ ನೋಡಿ, ಸೋಡಾದ ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, ಹಾಸಿಗೆಯ ಸುರುಳಿಯ ಹಿಂದೆಯೂ ಇಣುಕಿದಳು. ಹೋಗುವಾಗ, "ಇಷ್ಟ ನೀರ ಕುಡದ್ರ ಸಂಡಾಸಕ್ಕ ಒಬ್ಬಾಕೀನ ಹೆಂಗ ಹೋಗ್ತಿ? ನಾ ಬರ್ತೀನಿ ಜೋಡಿ" ಎಂದಳು. ಅಂದಿನಿಂದ ಚನ್ನವ್ವ ಕೈಯಲ್ಲಿ ಒಂದು ಕೋಲು ಹಿಡಿದು ಸಂಡಾಸಿನ ಬಾಗಿಲಿಗೆ ನಿಲ್ಲತೊಡಗಿದಳು. ಪಾನಿನ ಅಂಗಡಿಯ ಮುಂದಿನ ಗಂಡಸರು ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಎಕ್ಸ್-ರೇ ತೆಗೆಸಿದಾಗ ಸಬ್ನಿಸರ ಮುಖ ಅರಳಿತು. ಕಲ್ಲು ಸಣ್ಣದಾಗಿದೆ ಎಂದರು. ಹೊಸ ಕಲ್ಲು ಕಟ್ಟಿಲ್ಲ, ಹಳೆಯದೂ ಕರಗುತ್ತಿದೆ, ಹೀಗೇ ನಡೆಸಿ. ಭಾಗವ್ವ ಹೂಂ ಎಂದು ಕೇಳಿಸಿಕೊಂಡಳು. ಆದರೆ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು. ಹೊಟ್ಟೆಯೊಳಗಿನ ಕಲ್ಲು ನೀರು ಕುಡಿದರೆ ಕರಗುವುದೇ? ಆ ಕರಿ ಫಿಲಮು ಯಾರದೋ ಏನೋ. ಎಲ್ಲರ ಎಲುಬೂ ಒಂದೇ ಥರ ಕಾಣುತ್ತವೆ.

ಮುಂದಿನ ಸಲ ಎಕ್ಸ್-ರೇಗೆ ಕರೆದಾಗ ಅವಳು ತಯಾರಾಗಿ ಹೋದಳು. ಮೈಮೇಲಿನ ಲೋಹವೆಲ್ಲ ತೆಗೆದಿಡಿ ಎಂದರು. ಬಳೆ, ತಾಳಿ, ಬೆಂಡೋಲೆ ಎಲ್ಲ ತೆಗೆದು ಗಂಡನ ಕೈಗೆ ಕೊಟ್ಟಳು. ಲಂಗದ ಲಾಡಿಯ ಮಡಿಕೆಯಲ್ಲಿ ಸಿಕ್ಕಿಸಿದ್ದ ಪಿನ್ನನ್ನು ಮಾತ್ರ ತೆಗೆಯಲಿಲ್ಲ. ಅದನ್ನು ಮನೆಯಲ್ಲೇ ಇಕ್ಕಳದಿಂದ ಬಗ್ಗಿಸಿ, ಬೇರೆ ಯಾರ ಪಿನ್ನೂ ಹಾಗಿರದಂತೆ ಕೊಕ್ಕೆ ಮಾಡಿಕೊಂಡಿದ್ದಳು.

ಸಬ್ನಿಸರು ಫಿಲಮನ್ನು ಬೆಳಕಿಗೆ ಹಿಡಿದವರೇ ಸಿಟ್ಟಾದರು. "ಇದೇನಿದು? ಪಿನ್ನು! ಯಾರೂ ನೋಡ್ಲಿಲ್ಲೇನು?"

"ಅವರನ್ನ ಬೈಬ್ಯಾಡ್ರಿ ಸಾಹೇಬ್ರ. ನಾನ ಮುಚ್ಚಿಟ್ಟಿದ್ದೆ. ಚಿತ್ರ ನಂದ ಹೌದೋ ಅಲ್ಲೋ ನನಗ ತಿಳೀಬೇಕಿತ್ತು."

ಎದ್ದು ಹೋಗಿ ಫಿಲಮಿನ ಹತ್ತಿರ ನಿಂತಳು. ಸೊಂಟದ ಎಲುಬಿನ ಮೇಲೆ ಬೆಳ್ಳಗೆ ಅವಳ ಕೊಕ್ಕೆ ಪಿನ್ನು. "ಕಲ್ಲ ಎಲ್ಲಿ?" ಎಂದಳು. ಸಬ್ನಿಸರು ಮೊದಲ ಫಿಲಮನ್ನೂ ಪಕ್ಕದಲ್ಲಿ ಹಿಡಿದು, ಬೆರಳಿಟ್ಟು ತೋರಿಸಿದರು. ಅದರಲ್ಲಿ ಹುಣಸೆ ಬೀಜದಷ್ಟಿದ್ದ ಮಸುಕು ಮಚ್ಚೆ ಇದರಲ್ಲಿ ತೊಗರಿ ಕಾಳಿನಷ್ಟಿತ್ತು. ಭಾಗವ್ವ ಬಹಳ ಹೊತ್ತು ನೋಡಿದಳು. ಹೊರಗೆ ಕಾಯುತ್ತಿದ್ದ ರೋಗಿಗಳು ಗೊಣಗತೊಡಗಿದರು.

"ಸಾಹೇಬ್ರ" ಎಂದಳು ಕೊನೆಗೆ, "ನನಗ ಒಬ್ಬ ತಮ್ಮ ಅದಾನ್ರಿ."

ಡಾಕ್ಟರು ಫಿಲಮು ಕೆಳಗಿಟ್ಟರು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಲಿಲ್ಲ. "ಕರಕೊಂಡ ಬರ್ರಿ" ಎಂದಷ್ಟೇ ಅಂದರು.

ಸಾಯಬಣ್ಣ ಬರಲು ಒಪ್ಪಲಿಲ್ಲ. ಕಾವಲಿಯ ಮೇಲೆ ಹಿಟ್ಟು ತಿರುವುತ್ತ, "ಗೂಳಿ ಹಂಗ ಅದೀನಿ ನಾನು. ನಿನಗ ಬಂದೇತಿ ಅಂತ ನನಗೂ ಹಚ್ಚಾಕ ಬಂದೀ ಏನು?" ಎಂದ. ಅಕ್ಕನಿಗೆ ಆಸ್ಪತ್ರೆಯವರು ಏನೋ ಆಸೆ ತೋರಿಸಿದ್ದಾರೆ, ಮಂದಿಯನ್ನು ಹಿಡಿದು ತರಲು ಹೇಳಿದ್ದಾರೆ ಎಂದು ಅವನ ಅನುಮಾನ. ಭಾಗವ್ವ ವಾದ ಮಾಡಲಿಲ್ಲ. ಹೋಟೆಲಿನ ಹಿಂಬಾಗಿಲಲ್ಲಿ ಕುಳಿತುಬಿಟ್ಟಳು. ಕೆಲಸ ಮುಗಿದ ಮೇಲೂ ಅವಳು ಏಳಲಿಲ್ಲ. ಮಾಲೀಕರಿಗೆ ಮುಜುಗರವಾಗಿ, "ಹೋಗಿ ಬಾ ಮಾರಾಯ" ಎಂದು ಅವನಿಗೆ ರಜೆ ಕೊಟ್ಟು ಕಳಿಸಿದರು.

ಸಬ್ನಿಸರು ಗಾಜಿನ ಕೊಳವೆಯಲ್ಲಿದ್ದ ಅವನ ಮೂತ್ರಕ್ಕೆ ಏನೋ ದ್ರವ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದರ ಕೆಲವು ಹನಿ ಬಿಟ್ಟರು. ನೋಡನೋಡುತ್ತ ಅದು ನೇರಳೆ ಹಣ್ಣು ಹಿಂಡಿದ ಬಣ್ಣಕ್ಕೆ ತಿರುಗಿತು. ಅಣವೀರಪ್ಪನದನ್ನೂ ತರಿಸಿ ಹಾಗೆಯೇ ಮಾಡಿ ತೋರಿಸಿದರು. ಅದು ಹಾಗೇ ಉಳಿಯಿತು. ಬಣ್ಣ ತಿರುಗಿದರೆ ಆ ಅಂಶ ಹೊರಗೆ ಹೋಗುತ್ತಿದೆ ಎಂದರ್ಥವಂತೆ. ಎಕ್ಸ್-ರೇಯಲ್ಲಿ ಕಲ್ಲಿರಲಿಲ್ಲ. ಇನ್ನೂ ಹರಳು ಮಾತ್ರ, ನೀರಿನಿಂದಲೇ ತಡೆಯಬಹುದು ಎಂದರು ಡಾಕ್ಟರು.

ಭಾಗವ್ವನಿಗೆ ಆ ಗುಳಿಗೆ ಮುಂದೆ ಬಹಳ ದಿನ ಸೇರಲಿಲ್ಲ. ಮೈತುಂಬ ಕೆಂಪು ದದ್ದು ಎದ್ದು, ಸಬ್ನಿಸರೇ ನಿಲ್ಲಿಸಿದರು. ಉಳಿದದ್ದು ನೀರು ಮತ್ತು ಸೋಡಾ. ಎಪ್ಪತ್ತೆರಡರ ಬರಗಾಲದಲ್ಲಿ ನಳಕ್ಕೆ ನೀರು ಬಾರದೆ, ಅವಳು ಕೊಡ ಹಿಡಿದು ದಾದರದವರೆಗೂ ಅಲೆದದ್ದುಂಟು. ಆಗ ಒಮ್ಮೆ ಪಕ್ಕಡಿ ಹಿಡಿದು, ಸಾಸಿವೆಯಷ್ಟು ಹಳದಿ ಕಾಳು ಮೂತ್ರದಲ್ಲಿ ತಾನೇ ಬಿತ್ತು. ಮತ್ತೆ ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ. ಬಿಟ್ಟು ಹೋಗಿದ್ದ ಹುಡುಗರಲ್ಲಿ ಹೆಚ್ಚಿನವರು ಬೇರೆ ಕಡೆಯ ರೊಟ್ಟಿ ಹಿಡಿಸದೆ ಮರಳಿ ಬಂದರು.

ಸಾಯಬಣ್ಣನಿಗೆ ನೋಡಿದ್ದ ಹೆಣ್ಣಿನ ತಂದೆ ಗುರಲಿಂಗಪ್ಪ ಎಂಬವರು. ಅವರು ಮಾತು ಮುಗಿಸಲು ಬಂದಾಗ ಭಾಗವ್ವ ಎಲ್ಲವನ್ನೂ ಹೇಳಿದಳು. ಹುಡುಗನಿಗೆ ಇಂಥದೊಂದು ಇದೆ, ದಿನಾ ಇಷ್ಟು ನೀರು ಕುಡಿಯಬೇಕು, ಬೇರೇನಿಲ್ಲ. ಗುರಲಿಂಗಪ್ಪ ಚಹಾ ಪೂರ್ತಿ ಕುಡಿಯದೆ ಎದ್ದರು. ಹೊರಗೆ ಬಂದು ಅಣವೀರಪ್ಪನ ಕಿವಿಯಲ್ಲಿ, "ಹೆಣ್ಣ ಕೇಳೂಮುಂದ ಯಾರ ಇಂಥಾದ್ದು ತಾವಾಗಿ ಹೇಳ್ತಾರ್ರಿ? ಇದನ್ನ ಹೇಳೀರಿ ಅಂದ್ರ ಇದಕ್ಕಿಂತಾ ದೊಡ್ಡದೇನೋ ಮುಚ್ಚೀರಿ" ಎಂದು ಹೊರಟುಹೋದರು.

ಅಣವೀರಪ್ಪ ಒಳಗೆ ಬಂದು ಅದನ್ನು ಹೆಂಡತಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾಗವ್ವನಿಗೆ ಮಾತ್ರ ಗುರಲಿಂಗಪ್ಪನ ಮಾತು ಸರಿಯಾಗಿಯೇ ಕಂಡಿತು. ತಾನೂ ಹಾಗೇ ಅನ್ನುತ್ತಿದ್ದೆ ಎಂದಳು.

ಮುಂದಿನ ವರ್ಷ ಇನ್ನೊಂದು ಮನೆಯಲ್ಲೂ ಅವಳು ಅದನ್ನೇ ಹೇಳಿದಳು. ಅಲ್ಲಿ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಒಳಗಿನಿಂದ ಹುಡುಗಿ, ನಾಗವ್ವ, ಕದದ ಮರೆಯಲ್ಲೇ ನಿಂತು ಕೇಳಿದಳು: "ನೀರ ಕುಡಿಯೂದು ಅಷ್ಟ ಹೌದಲ್ರೀ? ಬ್ಯಾರೆ ಏನಾರ ಕುಡಿಯೂ ಚಟಾ ಇಲ್ಲಲ್ಲ?"

ಲಗ್ನ ಮಾಟುಂಗದಲ್ಲೇ ಆಯಿತು. ಹೋಟೆಲಿನಲ್ಲಿ ನೀರಿಗೆ ಕೊರತೆಯಿರಲಿಲ್ಲ. ಸಾಯಬಣ್ಣ ಕಾವಲಿಯ ಪಕ್ಕ ತಂಬಿಗೆ ಇಟ್ಟುಕೊಂಡೇ ದೋಸೆ ಹುಯ್ದ. ಎಪ್ಪತ್ತೆಂಟರವರೆಗೂ ಅವನಲ್ಲಿ ಒಂದು ಕಲ್ಲೂ ಕಟ್ಟಲಿಲ್ಲ. "ನನಗ ಆ ಬ್ಯಾನೀನ ಇಲ್ಲ ಕಾಣಸ್ತೈತಿ ಅಕ್ಕಾ, ಇನ್ನ ಆ ಎಕ್ಸ್-ರೇ ಫೋಟೋ ಸಾಕು" ಎಂದು ಅವನು ಒಂದು ದಿನ ಅಂದಾಗ ಭಾಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ನಾಗವ್ವನ ಕಡೆ ತಿರುಗಿ, "ನೀರ ಬಿಟ್ಟಾನ ಈತ. ತಂಬಿಗಿ ಮುಟ್ಟಿ ನೋಡು" ಎಂದಳು. ನಾಗವ್ವ ಹೋಗಿ ನೋಡಿ ಬಂದು, ತಂಬಿಗೆ ಒಣಗಿದೆ ಎಂದಳು. ಮರುದಿನವೇ ಭಾಗವ್ವ ಅವನನ್ನು ಪರೇಲಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು.